ಕಟ್ಟಿಗೆಯ ಗಿಡ ಗುರುತಿಸುವುದು, ಅದರ ಗುಣ ತೂಗುವುದು: ಧಾರವಾಡ, ಗದಗ, ಹಾವೇರಿ ಸೀಮೆಯವರಿಗೆ

ಕಟ್ಟಿಗೆ ಅಡ್ಡೆಯಲ್ಲಿ ಬಿದ್ದಿರುವ ಕೊರಡಿಗೆ ಎಲೆಯೂ ಇರುವುದಿಲ್ಲ, ಹೂವೂ ಇರುವುದಿಲ್ಲ. ಹೊಲದ ಬದುವಿನಲ್ಲಿ ನಿಂತಿದ್ದಾಗ ಇದು ಜಾಲಿ, ಇದು ಬೇವು, ಇದು ಹೊಂಗೆ ಎಂದು ಥಟ್ಟನೆ ಹೇಳುವವರೂ ಅದೇ ಗಿಡವನ್ನು ಕಡಿದು ಟ್ರ್ಯಾಕ್ಟರಿನಲ್ಲಿ ಹೇರಿ ತಂದರೆ ತಡವರಿಸುತ್ತಾರೆ. ಮಾರುವವರು ಹೇಳಿದ್ದೇ ಹೆಸರು, ಅವರು ಇಟ್ಟಿದ್ದೇ ಬೆಲೆ ಎಂದಾಗುವುದು ಇದರಿಂದಲೇ. ಆದ್ದರಿಂದ ನಿಂತ ಗಿಡವನ್ನು ಗುರುತಿಸುವುದರ ಜೊತೆಗೆ ತೊಗಟೆ, ಕೊಯ್ದ ಮುಖ, ತೂಕ ಮತ್ತು ಸದ್ದುಗಳಿಂದ ಕೊರಡನ್ನು ಗುರುತಿಸುವುದನ್ನೂ ಕಲಿಯಬೇಕು. ಈ ಬರಹದಲ್ಲಿ ಹೆಚ್ಚಿನ ಜಾಗ ಅದಕ್ಕೇ ಮೀಸಲು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಒಂದು ಮರದ ಕಟ್ಟಿಗೆಯಲ್ಲಿ ಕಾವು ಬಹಳ, ಇನ್ನೊಂದರಲ್ಲಿ ಕಾವೇ ಇಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. ಪೂರ್ತಿ ಒಣಗಿದ ಒಂದು ಕಿಲೋ ಕಟ್ಟಿಗೆ, ಅದು ಯಾವ ಮರದ್ದೇ ಆಗಿರಲಿ, ಹೆಚ್ಚುಕಡಿಮೆ 4500 ರಿಂದ 5000 ಕಿಲೋಕ್ಯಾಲರಿ ಶಾಖ ಕೊಡುತ್ತದೆ. ಜಾಲಿಗೂ ಮಾವಿಗೂ ತೂಕಕ್ಕೆ ತೂಕ ಹೋಲಿಸಿದರೆ ಇರುವ ಅಂತರ ನೂರಕ್ಕೆ ಹತ್ತರ ಆಚೆ ಹೋಗುವುದು ಕಡಿಮೆ. ಅಂತರ ಇರುವುದು ಬೇರೆ ಎರಡು ಕಡೆ. ಒಂದು, ಅಷ್ಟೇ ಗಾತ್ರದ ತುಂಡಿನಲ್ಲಿ ಎಷ್ಟು ತೂಕದ ಕಟ್ಟಿಗೆ ಅಡಗಿದೆ ಎಂಬುದು. ಎರಡು, ಆ ತೂಕದಲ್ಲಿ ನೀರಿನ ಪಾಲು ಎಷ್ಟು ಎಂಬುದು. ಒಣಗಿದ ಜಾಲಿ ಒಂದು ಘನ ಮೀಟರಿಗೆ ಸುಮಾರು 700 ರಿಂದ 800 ಕಿಲೋ ತೂಗುತ್ತದೆ, ಹುಣಸೆ ಅದಕ್ಕಿಂತಲೂ ಹೆಚ್ಚು ತೂಗುತ್ತದೆ, ಮಾವು 600ರ ಆಸುಪಾಸಿನಲ್ಲಿರುತ್ತದೆ, ಬೂರುಗ 350ಕ್ಕೆ ಇಳಿಯುತ್ತದೆ. ಒಲೆಯ ಬಾಯಿ ಒಂದೇ ಅಳತೆಯದ್ದಾದ್ದರಿಂದ ಬೂರುಗದ ತುಂಡು ಇಟ್ಟಲ್ಲಿಯೇ ಭಗ್ಗನೆ ಉರಿದು ಬೂದಿಯಾಗುತ್ತದೆ, ಜಾಲಿಯ ತುಂಡು ಕೆಂಡವಾಗಿ ನಿಂತು ಹೊತ್ತುಗಟ್ಟಲೆ ಕಾಯುತ್ತದೆ. ಗಿಡದ ಹೆಸರು ತಿಳಿಯುವುದರ ಲಾಭ ಇಷ್ಟೇ: ಆ ಹೆಸರು ಗಟ್ಟಿತನವನ್ನು, ಒಣಗುವ ಪರಿಯನ್ನು, ಹೊಗೆಯ ಸ್ವಭಾವವನ್ನು ಮುಂಚಿತವಾಗಿಯೇ ಹೇಳಿಬಿಡುತ್ತದೆ.

ನಿಂತ ಗಿಡ

ನವಲಗುಂದ, ಕುಂದಗೋಳ, ಗದಗ, ರೋಣದ ಎರೆಭೂಮಿಯಲ್ಲಿ ಕಟ್ಟಿಗೆ ಎಂದರೆ ಮೊದಲು ಜಾಲಿಯೇ. ಇಲ್ಲಿ ಜಾಲಿ ಎಂಬ ಒಂದು ಹೆಸರಿನ ಅಡಿಯಲ್ಲಿ ಕನಿಷ್ಠ ಮೂರು ಗಿಡಗಳಿವೆ ಎಂಬುದನ್ನು ಮರೆಯಬಾರದು. ಕರಿಜಾಲಿಯ ತೊಗಟೆ ಹೆಸರಿಗೆ ತಕ್ಕಂತೆ ಕಪ್ಪಾಗಿದ್ದು ಉದ್ದುದ್ದನೆಯ ಆಳವಾದ ಬಿರುಕುಗಳಿಂದ ಕೂಡಿರುತ್ತದೆ. ಎಲೆಯ ಬುಡದಲ್ಲಿ ಬಿಳಿಯ ನೇರ ಮುಳ್ಳುಗಳು ಜೋಡಿಯಾಗಿರುತ್ತವೆ. ಹೂವು ಹಳದಿ ಗುಂಡು. ಕಾಯಿ ಬೂದುಬಣ್ಣದ್ದಾಗಿ, ಬೀಜ ಬೀಜಗಳ ನಡುವೆ ಹಿಸುಕಿದಂತೆ ಸಣ್ಣಗಾಗಿ ಮಣಿಸರದಂತೆ ಕಾಣುತ್ತದೆ. ಕುರಿ ಮೇಕೆಗಳು ಆ ಕಾಯಿಯನ್ನು ಬಿಡುವುದಿಲ್ಲ. ಬಿಳಿಜಾಲಿಯ ಎಳೆಯ ತೊಗಟೆ ಹಳದಿ ಬೆರೆತ ಬಿಳುಪಾಗಿದ್ದು, ಹೂವಿನ ಗುಂಡುಗಳು ಮಾಸಲು ಕೆನೆಬಣ್ಣದವಾಗಿ ಟೊಂಗೆಯ ತುದಿಯಲ್ಲಿ ದೊಡ್ಡ ಗೊಂಚಲಾಗಿ ಬರುತ್ತವೆ. ಮೂರನೆಯದು ಬಳ್ಳಾರಿ ಜಾಲಿ. ಅದು ಬುಡದಿಂದಲೇ ನಾಲ್ಕಾರು ಕವಲಾಗಿ ಏಳುತ್ತದೆ, ಟೊಂಗೆಗಳು ಗಿಣ್ಣು ಗಿಣ್ಣಿಗೂ ಅತ್ತಿತ್ತ ತಿರುಗುತ್ತವೆ, ಹೂವು ಗುಂಡಾಗಿರದೆ ಬೆರಳುದ್ದದ ತೆನೆಯಾಗಿರುತ್ತದೆ, ಕಾಯಿ ಹಳದಿಯಾಗಿ ಬಲಿತು ಒಳಗೆ ಸಿಹಿ ತಿರುಳನ್ನು ಹೊಂದಿರುತ್ತದೆ. ಅದು ಅಮೆರಿಕ ಖಂಡದಿಂದ ಬಂದ ಗಿಡ. ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲ ಎಲ್ಲವನ್ನೂ ಮುತ್ತಿಕೊಂಡಿರುವುದರಿಂದ ಅದನ್ನು ಕಡಿದರೆ ಊರಿಗೇ ಉಪಕಾರ.

ಬನ್ನಿಯ ಎಲೆ ಸಣ್ಣದಾದ್ದರಿಂದ ತಿಳಿಯದವರು ಅದನ್ನೂ ಜಾಲಿಯ ಲೆಕ್ಕಕ್ಕೆ ಸೇರಿಸುವುದುಂಟು. ಆದರೆ ಬನ್ನಿಯ ಮುಳ್ಳು ಎಲೆಯ ಬುಡದಲ್ಲಿ ಜೋಡಿಯಾಗಿ ಇರುವುದಿಲ್ಲ. ಬುಡ ಅಗಲವಾದ ಗಿಡ್ಡ ಮುಳ್ಳುಗಳು ಟೊಂಗೆಯ ಉದ್ದಕ್ಕೂ ಅಲ್ಲಲ್ಲಿ ಚೆದುರಿರುತ್ತವೆ. ಬನ್ನಿ ಚೆನ್ನಾಗಿಯೇ ಉರಿಯುತ್ತದೆ. ಆದರೆ ದಸರೆಯಲ್ಲಿ ಊರೆಲ್ಲ ಬನ್ನಿ ಮುಡಿಯುವ ಸೀಮೆಯಲ್ಲಿ ಅದಕ್ಕೆ ಕೊಡಲಿ ಇಡುವವರಿಲ್ಲ, ಇಡಲೂಬಾರದು. ಆಲ, ಅರಳಿ, ಅತ್ತಿಗಳೂ ಅದೇ ಸಾಲಿಗೆ ಸೇರುತ್ತವೆ. ಅವುಗಳ ವಿಷಯದಲ್ಲಿ ಸಮಾಧಾನವೆಂದರೆ ಅವು ಹಾಲು ಸುರಿಸುವ ಹಗುರ ಮರಗಳಾದ್ದರಿಂದ ಕಟ್ಟಿಗೆಯಾಗಿಯೂ ಹೇಳಿಕೊಳ್ಳುವಂಥವಲ್ಲ.

ಬದುವಿನ ಇತರ ಗಿಡಗಳಲ್ಲಿ ಹೊಂಗೆಯನ್ನು ಹೊಳೆಯುವ ಹಸಿರೆಲೆ ಮತ್ತು ಒಂದೇ ಬೀಜದ ಚಪ್ಪಟೆ ಕಾಯಿಯಿಂದ ಗುರುತಿಸಬಹುದು. ಸುಬಾಬುಲ್ಲಿಗೆ ಮುಳ್ಳಿಲ್ಲ, ಹೂವು ಬಿಳಿ ಗುಂಡು, ಚಪ್ಪಟೆಯ ಕಂದು ಕಾಯಿಗಳು ಗೊಂಚಲಾಗಿ ಜೋತು ಬಿದ್ದಿರುತ್ತವೆ. ಬೇಲಿಗೆ ನೆಟ್ಟ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡ, ಬೇಸಿಗೆಯ ಮೊದಲಿಗೆ ಎಲೆ ಉದುರಿಸಿ ಬೋಳು ಟೊಂಗೆಯ ತುಂಬ ತಿಳಿಗುಲಾಬಿ ಹೂ ಬಿಡುತ್ತದೆ. ಅಕೇಶಿಯಾದಲ್ಲಿ ನಾವು ಎಲೆ ಎಂದುಕೊಳ್ಳುವುದು ಚಪ್ಪಟೆಯಾದ ಎಲೆತೊಟ್ಟು. ಅದು ಕುಡುಗೋಲಿನಂತೆ ಬಾಗಿರುತ್ತದೆ, ಕಾಯಿ ಸುರುಳಿ ಸುತ್ತಿಕೊಂಡಿರುತ್ತದೆ. ನೀಲಗಿರಿಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಕಲಘಟಗಿ, ಅಳ್ನಾವರ, ಹಾನಗಲ್ಲಿನ ಕಡೆ ಹೋದಂತೆ ಮಳೆ ಹೆಚ್ಚಿ ಗಿಡಗಳು ಬದಲಾಗುತ್ತವೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆದಿರುತ್ತದೆ. ದಿಂಡಿಗದ ತೊಗಟೆ ಬೂದುಬಿಳುಪಿನದಾಗಿ ನುಣುಪಾಗಿದ್ದು, ತೆಳುವಾದ ಚೆಕ್ಕೆಗಳು ಎದ್ದುಹೋದ ಕಡೆ ತಗ್ಗು ಗುರುತುಗಳು ಉಳಿದಿರುತ್ತವೆ. ಗಟ್ಟಿತನದಲ್ಲಿಯೂ ಇದ್ದಿಲಿನ ಗುಣದಲ್ಲಿಯೂ ದಿಂಡಿಗವನ್ನು ಮೀರಿಸುವ ಕಟ್ಟಿಗೆ ಈ ಭಾಗದಲ್ಲಿ ಕಡಿಮೆ. ಆದರೆ ಇವೆರಡೂ ಅಡವಿಯ ಗಿಡಗಳು. ಇವುಗಳ ಕೊರಡು ಅಗ್ಗದ ಬೆಲೆಗೆ ಮನೆ ಬಾಗಿಲಿಗೆ ಬಂದರೆ ಕೊಳ್ಳುವವರೇ ಎರಡು ಸಲ ಯೋಚಿಸಬೇಕು.

ಎಲೆಯಿಲ್ಲದ ಕೊರಡು

ಕೊರಡಿನ ಮುಂದೆ ನಿಂತಾಗ ಮೊದಲು ತೊಗಟೆ, ಆಮೇಲೆ ಕೊಯ್ದ ಮುಖ, ಕೊನೆಗೆ ತೂಕ ಎಂಬ ಕ್ರಮವನ್ನು ಇಟ್ಟುಕೊಂಡರೆ ಗೊಂದಲವಾಗುವುದಿಲ್ಲ. ಕೊಯ್ದ ಮುಖ ಹಳೆಯದಾಗಿದ್ದರೆ ಧೂಳು, ಬಿಸಿಲುಗಳಿಂದ ಎಲ್ಲ ಮರಗಳೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಆದ್ದರಿಂದ ಕೊಡಲಿಯಿಂದ ಒಂದು ಸಣ್ಣ ಸೀಳು ಎಬ್ಬಿಸಿ ಹೊಸ ಮುಖವನ್ನು ನೋಡಬೇಕು. ಇದಕ್ಕೆ ಒಪ್ಪದ ವ್ಯಾಪಾರಿಯಿಂದ ಕಟ್ಟಿಗೆ ಕೊಳ್ಳದಿರುವುದು ಒಳ್ಳೆಯದು.

ಕರಿಜಾಲಿಯ ಕೊರಡನ್ನು ಹೀಗೆ ಸೀಳಿದರೆ ನಾಲ್ಕು ಬಣ್ಣಗಳು ಸ್ಪಷ್ಟವಾಗಿ ಕಾಣುತ್ತವೆ. ಹೊರಗೆ ದಪ್ಪನೆಯ ಕಪ್ಪು ತೊಗಟೆ, ಅದರ ಒಳಮೈ ಕೆಂಪು, ಆಮೇಲೆ ಹಳದಿ ಬೆರೆತ ಬಿಳಿಯ ಪಟ್ಟಿ, ನಡುವೆ ಕೆಚ್ಚು, ಅಂದರೆ ಬಲಿತ ಗಟ್ಟಿ ಒಳಮರ. ಹೊಸದಾಗಿ ಸೀಳಿದ ಕೆಚ್ಚು ನಸುಗೆಂಪಾಗಿದ್ದು ಗಾಳಿಗೆ ಬಿದ್ದಂತೆಲ್ಲ ಕಂದಾಗುತ್ತದೆ, ಹಳೆಯದಾದರೆ ಹೆಚ್ಚುಕಡಿಮೆ ಕಪ್ಪಾಗುತ್ತದೆ. ತೊಗಟೆಯ ಬಿರುಕುಗಳಲ್ಲಿ ಅಂಟು ಗಟ್ಟಿಯಾಗಿ ಹರಳುಗಟ್ಟಿರುವುದು ಇನ್ನೊಂದು ಗುರುತು. ಕೆಚ್ಚಿನ ಪಾಲು ಎಷ್ಟು ಹೆಚ್ಚೋ ಕಟ್ಟಿಗೆ ಅಷ್ಟು ಒಳ್ಳೆಯದು. ಎಳೆಯ ಗಿಡದ ತೋಳುದಪ್ಪದ ತುಂಡಿನಲ್ಲಿ ಬರೀ ಬಿಳಿ ಭಾಗವೇ ಇರುವುದರಿಂದ ಅದನ್ನು ಬಲಿತ ಜಾಲಿಯ ಬೆಲೆಗೆ ಕೊಳ್ಳಬಾರದು. ಕರಿಜಾಲಿಯ ನೇರವಾದ ದೊಡ್ಡ ಬೊಡ್ಡೆ ಒಲೆಗೆ ಬರುವುದು ಅಪರೂಪ. ಅದು ಚಕ್ಕಡಿಗೂ ಕುಂಟೆಗೂ ಬೇಕಾಗುವುದರಿಂದ ಬಡಿಗೇರರ ಪಾಲಾಗುತ್ತದೆ, ಟೊಂಗೆ ಟಿಸಿಲುಗಳು ಮಾತ್ರ ಅಡ್ಡೆಗೆ ಬರುತ್ತವೆ.

ಬಳ್ಳಾರಿ ಜಾಲಿಯ ತುಂಡು ಸಾಮಾನ್ಯವಾಗಿ ಸಣ್ಣದು, ಸೊಟ್ಟ. ತೊಗಟೆ ಬೂದುಗಂದು, ಬಿರುಕು ಆಳವಿಲ್ಲ. ಹೊರಗಿನ ಹಳದಿ ಭಾಗ ತೀರ ತೆಳುವಾಗಿದ್ದು ಉಳಿದದ್ದೆಲ್ಲ ಕಂದು ಕೆಚ್ಚೇ ಆಗಿರುತ್ತದೆ. ಸಣ್ಣ ತುಂಡಿನಲ್ಲಿಯೂ ಕೆಚ್ಚು ಇಷ್ಟು ತುಂಬಿರುವುದೇ ಅದರ ದೊಡ್ಡ ಗುಣ. ಇತರ ಕಟ್ಟಿಗೆಗೆ ಹೋಲಿಸಿದರೆ ಅರೆಹಸಿಯಲ್ಲಿಯೂ ತಕ್ಕಮಟ್ಟಿಗೆ ಉರಿಯುತ್ತದೆ, ಕಿಡಿ ಸಿಡಿಯುವುದು ಕಡಿಮೆ, ಕೆಂಡ ಗಟ್ಟಿ. ಬಯಲುಸೀಮೆಯ ಮನೆಗೆ ಒಂದೇ ಕಟ್ಟಿಗೆ ಆರಿಸಿಕೊಳ್ಳಿರಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಅದರ ಮುಳ್ಳು ಚಪ್ಪಲಿಯನ್ನು ತೂರಿ ಕಾಲಿಗೂ, ಟೈರನ್ನು ತೂರಿ ಟ್ಯೂಬಿಗೂ ನಾಟುತ್ತದೆಯಾದ್ದರಿಂದ ಕಡಿಯುವಾಗ ಮೊದಲು ಮುಳ್ಳು ಸವರಿ, ಆ ಮುಳ್ಳನ್ನು ದಾರಿಯಲ್ಲಿ ಬಿಡದೆ ಒಂದು ಕಡೆ ಒಟ್ಟುವುದು ಕಡಿಯುವವರ ಹೊಣೆ.

ಹುಣಸೆಯ ಕೊರಡಿನಲ್ಲಿ ಬಿಳಿ ಭಾಗ ಬಹಳ ಅಗಲ. ಕಡುಗಂದು ಕೆಚ್ಚು ನಟ್ಟನಡುವೆ ಸಣ್ಣದಾಗಿ, ಓರೆಕೋರೆ ಅಂಚಿನದಾಗಿ ಕಾಣುತ್ತದೆ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸೀಳುವುದು ದೊಡ್ಡ ಕೆಲಸ, ಕೊಡಲಿ ಕಚ್ಚಿಕೊಂಡು ನಿಲ್ಲುತ್ತದೆ. ಆದರೆ ಅದರ ಬೆಂಕಿಯ ತೀವ್ರತೆ ಇಟ್ಟಿಗೆ ಭಟ್ಟಿಯವರಿಗೂ ಸುಣ್ಣದ ಭಟ್ಟಿಯವರಿಗೂ ಹಿಂದಿನಿಂದ ಗೊತ್ತು. ಬೇವಿನ ಕೆಚ್ಚು ಕೆಂಪುಗಂದು. ಅನುಮಾನವಿದ್ದರೆ ತೊಗಟೆಯ ಒಳಪದರದ ಚೂರೊಂದನ್ನು ನಾಲಗೆಗೆ ಮುಟ್ಟಿಸಿದರೆ ಕಹಿಯೇ ಸಾಕ್ಷಿ ಹೇಳುತ್ತದೆ. ಬೇವು ಗಟ್ಟಿಯಾಗಿ ಉರಿಯುತ್ತದೆ, ಹೊಗೆ ಮಾತ್ರ ಕಟು. ನೀರು ಕಾಯಿಸಲು ಸರಿ, ಅಡುಗೆಮನೆಗೆ ಅಷ್ಟು ಹಿತವಲ್ಲ. ಹೊಂಗೆಯಲ್ಲಿ ಕೆಚ್ಚು ಮತ್ತು ಹೊರಭಾಗ ಬೇರೆಯಾಗಿ ಕಾಣುವುದಿಲ್ಲ, ಇಡೀ ಮುಖ ಹಳದಿ ಬಿಳುಪು. ಅದು ಚೆನ್ನಾಗಿ ಉರಿಯುತ್ತದೆಯಾದರೂ ಹುಳು ಬೇಗ ಹಿಡಿಯುತ್ತದೆ. ನೀಲಗಿರಿ ನೇರವಾಗಿ, ನುಣುಪಾಗಿ ಇರುವುದರಿಂದ ದೂರದಿಂದಲೇ ತಿಳಿಯುತ್ತದೆ. ತೊಗಟೆ ಉದ್ದುದ್ದ ಪಟ್ಟಿಯಾಗಿ ಕಳಚುತ್ತದೆ, ಕೊಯ್ದ ಮುಖ ನಡುವಿನಿಂದ ಅಂಚಿಗೆ ಬೇಗ ಬಿರಿಯುತ್ತದೆ. ಅದನ್ನು ಹಸಿಯಿದ್ದಾಗಲೇ ಸೀಳಬೇಕು. ಒಣಗಿದ ಮೇಲೆ ಸೀಳಲು ಹೋದರೆ ತೋಳು ನೋಯುತ್ತದೆಯೇ ಹೊರತು ಕೊರಡು ಬಿಡುವುದಿಲ್ಲ.

ಧಾರವಾಡದ ಸುತ್ತಮುತ್ತ ಹಳೆಯ ಆಪೂಸು ತೋಟಗಳನ್ನು ತೆಗೆದಾಗ ಮಾವಿನ ಕೊರಡು ರಾಶಿಯಾಗಿ ಮಾರಾಟಕ್ಕೆ ಬರುತ್ತದೆ. ಅದು ಮಧ್ಯಮ ದರ್ಜೆಯ ಕಟ್ಟಿಗೆ: ಸೀಳಲು ಸುಲಭ, ಒಣಗಿದರೆ ಉರಿ ನಿರ್ಮಲ, ಆದರೆ ನೆಲದ ಮೇಲೆ ಒಂದು ಮಳೆಗಾಲ ಬಿಟ್ಟರೆ ಲಡ್ಡಾಗುತ್ತದೆ. ಹುಬ್ಬಳ್ಳಿ–ಧಾರವಾಡದ ರಸ್ತೆ ಬದಿಯಲ್ಲಿ ಬಿದ್ದ ಅಥವಾ ಅಗಲೀಕರಣಕ್ಕೆ ತೆಗೆದ ಗುಲ್‌ಮೊಹರ್, ಮಳೆಮರಗಳ ಕೊರಡು ನೋಡಲು ದಪ್ಪ, ಎತ್ತಿದರೆ ಹಗುರ. ಮಳೆಮರದ ಕೆಚ್ಚು ಗಾಢ ಕಂದಾಗಿರುವುದರಿಂದ ಅದನ್ನು ಜಾಲಿಯೆಂದು ದಾಟಿಸುವುದುಂಟು. ಎತ್ತಿ ನೋಡಿದರೆ ಮೋಸ ಹೊರಬೀಳುತ್ತದೆ. ಇಂಥ ರಸ್ತೆ ಬದಿಯ ಕೊರಡಿನಲ್ಲಿ ಫಲಕ ಹೊಡೆದ ಮೊಳೆಗಳು, ಸುತ್ತಿದ ತಂತಿ ತೊಗಟೆಯೊಳಗೆ ಮುಚ್ಚಿಹೋಗಿರುತ್ತವೆ. ಗರಗಸದ ಮಿಷನ್ನಿಗೆ ಕೊಡುವ ಮುನ್ನ ಆಳೆತ್ತರದವರೆಗಿನ ಭಾಗವನ್ನು ಕೈಯಾಡಿಸಿ ನೋಡುವುದು ಅವಶ್ಯ.

ನುಗ್ಗೆ, ಹಾಲವಾಣ, ಬೂರುಗ, ಪಪ್ಪಾಯಿಗಳನ್ನು ಕಟ್ಟಿಗೆಯೆಂದು ಎಣಿಸುವುದೇ ಬೇಡ.

ಗಟ್ಟಿತನವನ್ನು ಕಣ್ಣಂದಾಜಿಗೆ ಬಿಡದೆ ಮನೆಯಲ್ಲಿಯೇ ಅಳೆಯಬಹುದು. ಒಣಗಿದ ಒಂದು ತುಂಡನ್ನು ತೂಗಿ ಬರೆದಿಟ್ಟುಕೊಳ್ಳಿರಿ. ಒಂದು ಬಕೆಟ್ಟನ್ನು ದೊಡ್ಡ ಪರಾತದಲ್ಲಿಟ್ಟು ಅಂಚಿನವರೆಗೆ ನೀರು ತುಂಬಿ, ಆ ತುಂಡನ್ನು ತೆಳ್ಳನೆಯ ತಂತಿಯಿಂದ ಪೂರ್ತಿ ಮುಳುಗುವಂತೆ ಒತ್ತಿ ಹಿಡಿದರೆ ಅದರ ಗಾತ್ರದಷ್ಟು ನೀರು ಪರಾತಕ್ಕೆ ಚೆಲ್ಲುತ್ತದೆ; ಆ ನೀರನ್ನು ತೂಗಬೇಕು. ಕಟ್ಟಿಗೆಯ ತೂಕವನ್ನು ನೀರಿನ ತೂಕದಿಂದ ಭಾಗಿಸಿದಾಗ ಬರುವ ಅಂಕಿ 0.7ಕ್ಕಿಂತ ಮೇಲಿದ್ದರೆ ಉತ್ತಮ ಕಟ್ಟಿಗೆ, 0.5 ರಿಂದ 0.7 ಮಧ್ಯಮ, ಅದಕ್ಕೂ ಕೆಳಗಿದ್ದರೆ ಒಲೆ ಹೊತ್ತಿಸಲು ಮಾತ್ರ. ಹಸಿ ತುಂಡಿನ ಮೇಲೆ ಈ ಪರೀಕ್ಷೆ ಮಾಡಿದರೆ ನೀರಿನ ತೂಕವೂ ಸೇರಿಕೊಂಡು ಎಲ್ಲ ಮರವೂ ಉತ್ತಮವೆಂದೇ ತೋರುತ್ತದೆ.

ಹಸಿಯೋ ಒಣಗಿದ್ದೋ

ಗಿಡದ ಹೆಸರಿಗಿಂತಲೂ ಮುಖ್ಯವಾದ ಪ್ರಶ್ನೆ ಇದು. ಆಗತಾನೆ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಗಾಳಿ ಬಿಸಿಲಿಗೆ ಚೆನ್ನಾಗಿ ಆರಿದ ಕಟ್ಟಿಗೆಯಲ್ಲಿ ಅದು ನೂರಕ್ಕೆ 15 ರಿಂದ 20ಕ್ಕೆ ಇಳಿಯುತ್ತದೆ. ಒಂದು ಕ್ವಿಂಟಾಲ್ ಹಸಿ ಕಟ್ಟಿಗೆಯಲ್ಲಿ 50 ಕಿಲೋ ನೀರಿದೆ ಎಂದುಕೊಂಡರೆ, ಅದು ನೂರಕ್ಕೆ 20ರ ಮಟ್ಟಕ್ಕೆ ಒಣಗುವಷ್ಟರಲ್ಲಿ ಉಳಿಯುವುದು ಅರವತ್ತೆರಡೂವರೆ ಕಿಲೋ ಮಾತ್ರ. ಮಿಕ್ಕ ಮೂವತ್ತೇಳೂವರೆ ಕಿಲೋಗೆ ನಾವು ಕಟ್ಟಿಗೆಯ ದರದಲ್ಲಿ ನೀರು ಕೊಂಡಂತಾಯಿತು. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಹಸಿಯನ್ನೇ ಒಲೆಗೆ ಒಡ್ಡಿದರೆ ಅದರಲ್ಲಿರುವ ಪ್ರತಿ ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು 600 ಕಿಲೋಕ್ಯಾಲರಿಗೂ ಹೆಚ್ಚು ಶಾಖ ಕಟ್ಟಿಗೆಯಿಂದಲೇ ಹೋಗುತ್ತದೆ. ಬೆಂಕಿಯ ಕಾವು ತಗ್ಗಿ ಅರೆಬರೆ ಸುಟ್ಟ ಅನಿಲವೆಲ್ಲ ಹೊಗೆಯಾಗಿ ಕಣ್ಣಿಗೂ ಎದೆಗೂ ತುಂಬುತ್ತದೆ.

ಒಣಗಿದ್ದನ್ನು ತಿಳಿಯುವ ಬಗೆಗಳು ಹಲವು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಒಣಗಿದವು ಠಣ್ ಎನ್ನುತ್ತವೆ, ಹಸಿಯವು ಮಂದವಾಗಿ ದಬ್ ಎನ್ನುತ್ತವೆ. ತುಂಡಿನ ತುದಿಯಲ್ಲಿ ನಡುವಿನಿಂದ ಹೊರಗೆ ಹೋಗುವ ಬಿರುಕುಗಳಿದ್ದರೆ ಒಣಗತೊಡಗಿದೆ ಎಂದರ್ಥ. ಆದರೆ ತುದಿ ಮೊದಲು ಒಣಗುವುದರಿಂದ ಬಿರುಕೊಂದನ್ನೇ ನಂಬಬಾರದು, ನಡುವೆ ಸೀಳಿ ಒಳಮೈಯನ್ನು ಕೆನ್ನೆಗೆ ಒತ್ತಿ ನೋಡಬೇಕು. ತಣ್ಣಗೆ ತಾಕಿದರೆ ಒಳಗೆ ಇನ್ನೂ ಹಸಿ ಇದೆ. ತೊಗಟೆ ಉಗುರು ತಾಕಿಸಿದರೆ ಕಳಚಿ ಬರುವುದು ಒಣಗಿದ ಲಕ್ಷಣ. ಇವೆಲ್ಲಕ್ಕಿಂತ ಖಾತ್ರಿಯ ಪರೀಕ್ಷೆ ಒಲೆಯಲ್ಲಿದೆ: ತುಂಡಿನ ಒಂದು ತುದಿ ಉರಿಯುತ್ತಿರುವಾಗ ಇನ್ನೊಂದು ತುದಿಯಲ್ಲಿ ಸಣ್ಣ ಗುಳ್ಳೆಗಳೆದ್ದು ನೊರೆ ಕಟ್ಟಿ, ಸುಂಯ್ ಎಂಬ ಸದ್ದಿನೊಂದಿಗೆ ಕಂದು ನೀರು ಜಿನುಗಿದರೆ ಅದನ್ನು ಹೊರಗೆಳೆದು ಇನ್ನೆರಡು ತಿಂಗಳು ಬಿಸಿಲಿಗೆ ಹಾಕುವುದೇ ಲೇಸು. ಒಣಗಿದ ಕಟ್ಟಿಗೆ ಮಳೆಗೆ ಸಿಕ್ಕು ಮೇಲ್ಮೈ ತೊಯ್ದಿದ್ದರೆ ಗಾಬರಿ ಬೇಡ. ಅದು ಒಂದೆರಡು ದಿನದ ಗಾಳಿಗೆ ಆರುತ್ತದೆ.

ಯಾವ ಒಲೆಗೆ ಯಾವುದು

ಜೋಳದ ರೊಟ್ಟಿಗೆ ಹಂಚಿನ ಅಡಿ ಸಮನಾಗಿ ಹರಡುವ, ಬೇಕೆಂದಾಗ ಏರಿಸಿ ಇಳಿಸಬಹುದಾದ ಉರಿ ಬೇಕು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಬೆರಳುದಪ್ಪದ ಸುಬಾಬುಲ್ ಟಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಆದರೆ ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬಾಯಿಗೆ ಆನಿಸಿ ಉಬ್ಬಿಸಲು ಹೊಗೆಯಿಲ್ಲದ ಕೆಂಡ ಬೇಕಾಗುವುದರಿಂದ ಒಳಗೆ ಒಂದು ಜಾಲಿ ತುಂಡು ಇರಲೇಬೇಕು. ಈ ಎರಡರ ಜೋಡಿಯನ್ನು ಅರಿತವರ ಒಲೆಯಲ್ಲಿ ಕಟ್ಟಿಗೆ ಪೋಲಾಗುವುದಿಲ್ಲ. ಬ್ಯಾಡಗಿ ಕಡೆಯವರು ಮೆಣಸಿನ ಗಿಡದ ಕಟ್ಟಿಗೆ ಉರಿಸುವುದಾದರೆ ಅದರಲ್ಲಿ ಉಳಿದ ಕಾಯಿಗಳನ್ನು ಮೊದಲು ಉದುರಿಸಬೇಕು, ಇಲ್ಲವಾದರೆ ಮನೆ ಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೆ ಬರಬೇಕಾಗುತ್ತದೆ.

ಮದುವೆ, ಜಾತ್ರೆಯ ದೊಡ್ಡ ಅಡುಗೆಗೆ ಹುಣಸೆ, ಕರಿಜಾಲಿಯ ತೊಡೆದಪ್ಪದ ಸೀಳುಗಳು ಬೇಕು. ಹಾಲು ಬತ್ತಿಸಿ ಖೋವಾ ಮಾಡುವ ಪೇಢೆಯ ಭಟ್ಟಿಗೆ ತೀವ್ರತೆಗಿಂತ ಸಮನಾದ ಕಾವು ಮುಖ್ಯ. ಅಲ್ಲಿ ಚಟಪಟ ಸಿಡಿಯುವ ನೀಲಗಿರಿಯಾಗಲಿ ಭಗ್ಗೆನ್ನುವ ಹಗುರ ಕಟ್ಟಿಗೆಯಾಗಲಿ ಸಲ್ಲದು. ಬಳ್ಳಾರಿ ಜಾಲಿ ಅಥವಾ ಅಕೇಶಿಯಾ ಒಳ್ಳೆಯದು. ಸ್ನಾನದ ಹಂಡೆಗೆ ಯಾವುದಾದರೂ ನಡೆಯುತ್ತದೆ. ಇಪ್ಪತ್ತು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಬೇಕಾದದ್ದು 700 ಕಿಲೋಕ್ಯಾಲರಿ. ಹತ್ತರಲ್ಲಿ ಒಂದು ಪಾಲು ಶಾಖವನ್ನಷ್ಟೇ ಪಾತ್ರೆಗೆ ಮುಟ್ಟಿಸುವ ಮೂರು ಕಲ್ಲಿನ ಒಲೆಯಲ್ಲಿ ಇದಕ್ಕೆ ಆರಿದ ಕಟ್ಟಿಗೆ ಸುಮಾರು ಎರಡು ಕಿಲೋ ಖರ್ಚಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆಯಂಥ ಸುಧಾರಿತ ಒಲೆ ಇದ್ದರೆ ಅರ್ಧಕ್ಕಿಂತ ಕಡಿಮೆ ಸಾಕು.

ಕೆಲವನ್ನು ಯಾವ ಒಲೆಗೂ ಹಾಕಬಾರದು. ಕಣಗಿಲದ ಎಲ್ಲ ಭಾಗಗಳೂ ವಿಷ, ಹೊಗೆಯೂ ಕೆಟ್ಟದ್ದು. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಬಟ್ಟೆಗೆ ಗುರುತು ಹಾಕುವ ಕರಿಗೇರಿನ ಸೊನೆ ಮೈಮೇಲೆ ಬೊಕ್ಕೆ ಎಬ್ಬಿಸುತ್ತದೆ, ಅದರ ಹೊಗೆಯೂ ಹಾಗೆಯೇ. ಬಣ್ಣ ಬಳಿದ ಬಾಗಿಲು, ಪ್ಲೈವುಡ್ ಚೂರು, ಅಂಟು ಹಾಕಿದ ಪ್ಯಾಕಿಂಗ್ ಹಲಗೆಗಳನ್ನು ಅಡುಗೆಯ ಹತ್ತಿರ ತರಬಾರದು. ಹುಬ್ಬಳ್ಳಿಯಂಥ ರೈಲ್ವೆ ಊರಿನಲ್ಲಿ ಹಳೆಯ ಕಟ್ಟಿಗೆಯ ಸ್ಲೀಪರ್‌ಗಳು ಗುಜರಿಯಲ್ಲಿ ಸಿಗುವುದುಂಟು. ಅವು ಗಟ್ಟಿ ಮರದವೇ ಆದರೂ ಡಾಂಬರಿನಂಥ ಕ್ರಿಯೋಸೋಟ್ ಎಣ್ಣೆ ಕುಡಿದಿರುತ್ತವೆ. ಗೇಟಿನ ಕಂಬಕ್ಕೆ ಆದೀತು, ಒಲೆಗೆ ಸರ್ವಥಾ ಬೇಡ.

ಕೊಳ್ಳುವಾಗ, ಕಡಿಯುವಾಗ

ಕಟ್ಟಿಗೆಯನ್ನು ತೂಕದ ಮೇಲೆ ಮಾರುವವರಿಗೆ ಹಸಿಯಿದ್ದಷ್ಟೂ ಲಾಭ, ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರುವವರಿಗೆ ಸೊಟ್ಟಗಿದ್ದಷ್ಟೂ ಲಾಭ. ತೂಕಕ್ಕೆ ಕೊಳ್ಳುವಾಗ ನಮ್ಮ ಕಣ್ಣು ಒಣಗಿದೆಯೇ ಎಂಬುದರ ಮೇಲಿರಬೇಕು, ಗಿಡದ ಜಾತಿಗೆ ಎರಡನೆಯ ಸ್ಥಾನ. ಏಕೆಂದರೆ ಒಣಗಿದ ಮಾವಿನ ಕ್ವಿಂಟಾಲಿಗೂ ಒಣಗಿದ ಜಾಲಿಯ ಕ್ವಿಂಟಾಲಿಗೂ ಕಾವಿನಲ್ಲಿ ದೊಡ್ಡ ಅಂತರವಿಲ್ಲ. ಟ್ರ್ಯಾಕ್ಟರ್ ಲೆಕ್ಕದಲ್ಲಿ ಕೊಳ್ಳುವಾಗ ಇದು ತಿರುವುಮುರುವಾಗುತ್ತದೆ: ಅಲ್ಲಿ ಗಟ್ಟಿ ಜಾತಿಯೇ ಮುಖ್ಯ, ಹೇರಿದ ಬಗೆಯೂ ಮುಖ್ಯ. ಬಳ್ಳಾರಿ ಜಾಲಿಯ ಸೊಟ್ಟ ಟೊಂಗೆಗಳನ್ನು ಹಾಗೆಯೇ ತುಂಬಿದ ಹೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯೇ ಇರುತ್ತದೆ. ಮೇಲಿನ ಮತ್ತು ಅಂಚಿನ ಸಾಲಿನಲ್ಲಿ ಜಾಲಿ ಹೇರಿ ನಡುವೆ ಗುಲ್‌ಮೊಹರ್ ಮುಚ್ಚಿ ತರುವ ಚಾಳಿಯೂ ಇರುವುದರಿಂದ, ಹಣ ಎಣಿಸುವುದು ಇಳಿಸಿದ ಮೇಲೆಯೇ ಆಗಲಿ. ಅನುಕೂಲವಿದ್ದರೆ ವೇ ಬ್ರಿಡ್ಜಿನಲ್ಲಿ ತುಂಬಿದ ಗಾಡಿ, ಖಾಲಿ ಗಾಡಿ ಎರಡನ್ನೂ ತೂಗಿಸುವುದು ಜಗಳ ತಪ್ಪಿಸುತ್ತದೆ.

ಸ್ವಂತ ಹೊಲದ ಗಿಡವಾದರೂ ಕಡಿಯುವ ಮುನ್ನ ಕಾನೂನನ್ನು ನೋಡಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೆಚ್ಚಿನ ಗಿಡಗಳಿಗೆ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಗಾಳಿ ಮರ, ಸುಬಾಬುಲ್, ಗ್ಲಿರಿಸಿಡಿಯಾ, ಬಳ್ಳಾರಿ ಜಾಲಿ, ಸಿಲ್ವರ್ ಓಕ್ ಮೊದಲಾದವುಗಳಿಗೆ ವಿನಾಯಿತಿ ಇದೆ. ಸಾಗಿಸಲು ಪಾಸು ಬೇಕೇ ಎಂಬುದನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿಯೇ ಗಾಡಿ ಹೂಡಬೇಕು. ಗದಗದ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಅದಕ್ಕಿಂತ ಹಳೆಯದು. ಅಲ್ಲಿಂದ ಒಣಗಿದ ಟೊಂಗೆ ತರುವುದೂ ಅಪರಾಧವಾಗಬಹುದು.

ಅನುಮತಿಯ ಮಾತು ಮುಗಿದ ಮೇಲೆ ಗಿಡದ ಮಾತು. ಬಳ್ಳಾರಿ ಜಾಲಿ, ಸುಬಾಬುಲ್, ನೀಲಗಿರಿ, ಗ್ಲಿರಿಸಿಡಿಯಾಗಳನ್ನು ಬುಡಕ್ಕೆ ಕಡಿದರೂ ಮತ್ತೆ ಚಿಗುರುತ್ತವೆ. ಕರಿಜಾಲಿ ಹಾಗೆ ಚಿಗುರುವುದು ಕಡಿಮೆ, ಆದ್ದರಿಂದ ಅದರ ಟೊಂಗೆಗಳನ್ನಷ್ಟೇ ಸವರಿ ಬೊಡ್ಡೆಯನ್ನು ಉಳಿಸಿಕೊಳ್ಳುವುದು ಜಾಣತನ.

ಒಟ್ಟುವುದು

ಸುಗ್ಗಿ ಮುಗಿದ ಮೇಲೆ, ಅಂದರೆ ಪುಷ್ಯ ಮಾಘದಲ್ಲಿ ಕಡಿದು ಕೂಡಲೇ ಸೀಳಿದ ಕಟ್ಟಿಗೆಗೆ ಹೋಳಿಯಿಂದ ಬಸವ ಜಯಂತಿಯವರೆಗಿನ ಬಿಸಿಲು ಪೂರ್ತಿ ಸಿಗುತ್ತದೆ. ಈ ಸೀಮೆಯಲ್ಲಿ ಬೇಸಿಗೆಯ ಅಡ್ಡಮಳೆ ಗುಡುಗು ಗಾಳಿಯೊಂದಿಗೆ ಬರುವುದರಿಂದ ತಗಡಿನ ಮುಚ್ಚಳಿಕೆಯನ್ನು ಆಗಲೇ ಸಿದ್ಧವಿಟ್ಟುಕೊಳ್ಳಬೇಕು. ಮಿರಗದ ಮಳೆ ಹಿಡಿಯುವ ಮೊದಲು ಎಲ್ಲವೂ ಒಟ್ಟಿಲಿಗೆ ಏರಿರಬೇಕು. ಸೀಳದೆ ಬಿಟ್ಟ ಕೊರಡು ಒಣಗುವುದು ಬಹಳ ನಿಧಾನ, ತೊಗಟೆಯೇ ಅದರ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಣಿಕಟ್ಟಿನಷ್ಟು ದಪ್ಪಕ್ಕೆ ಸೀಳಿದರೆ ಒಲೆಗೂ ಅನುಕೂಲ, ಒಣಗುವುದಕ್ಕೂ ಅನುಕೂಲ.

ಎರೆಮಣ್ಣಿನ ಮೇಲೆ ನೇರವಾಗಿ ಒಟ್ಟಿದರೆ ಕೆಳಗಿನ ಎರಡು ಸಾಲು ಗೆದ್ದಲಿಗೆ ಹೋದಂತೆಯೇ. ಅಡಿಗೆ ಕಲ್ಲು ಇಟ್ಟು, ಅದರ ಮೇಲೆ ಎರಡು ಉದ್ದನೆಯ ಕೋಲು ಹಾಸಿ, ಒಂದು ಸಾಲು ಉದ್ದಕ್ಕೂ ಮರುಸಾಲು ಅಡ್ಡಕ್ಕೂ ಬರುವಂತೆ ಗಾಳಿಗೆ ಸಂದಿ ಬಿಟ್ಟು ಒಟ್ಟಬೇಕು. ತಗಡನ್ನು ನೆತ್ತಿಗಷ್ಟೇ ಹೊದಿಸಬೇಕು. ಸುತ್ತಲೂ ತಾಡಪಾಲು ಸುತ್ತಿ ಬಿಗಿದರೆ ಒಳಗಿನ ಆವಿ ಹೊರಗೆ ಹೋಗದೆ ಬೂಷ್ಟು ಹಿಡಿಯುತ್ತದೆ. ಒಟ್ಟಿಲಿನಲ್ಲಿ ಚೇಳು, ಹಾವು ಸೇರಿಕೊಳ್ಳುವುದು ಇಲ್ಲಿ ಹೊಸ ಮಾತಲ್ಲ. ಬೆಳಗಿನ ಕತ್ತಲಲ್ಲಿ ಕಟ್ಟಿಗೆಗೆ ಕೈ ಹಾಕುವ ಮುನ್ನ ಬೆಳಕು ಹಿಡಿದು ಕೋಲಿನಿಂದ ತಟ್ಟಬೇಕು, ಒಟ್ಟಿಲು ಮನೆಯ ಗೋಡೆಗೆ ತಾಗಿಕೊಂಡಿರಬಾರದು.

ಉರಿಸುವ ಸರದಿಯನ್ನೂ ಒಟ್ಟುವಾಗಲೇ ಯೋಚಿಸಬೇಕು. ತೊಗಟೆಯಡಿಯಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಹಿಡಿದಿದೆ ಎಂದು ತಿಳಿದು ಆ ಕಟ್ಟಿಗೆಯನ್ನು ಎಲ್ಲಕ್ಕಿಂತ ಮೊದಲು ಖರ್ಚು ಮಾಡಬೇಕು. ಹೊಂಗೆ, ಮಾವು, ಸುಬಾಬುಲ್‌ಗಳು ಅದೇ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ತೀರುವಂತೆ ಎದುರಿನ ಸಾಲಿನಲ್ಲಿರಲಿ. ಜಾಲಿಯ ಸೀಳುಗಳು ಹಿಂದೆ ಇದ್ದರೂ ಕೆಡುವುದಿಲ್ಲ. ಹುಣಸೆಯ ದಪ್ಪ ಸೀಳುಗಳನ್ನು ಎಲ್ಲಕ್ಕೂ ಹಿಂದೆ ಒಟ್ಟಿ, ಎರಡು ಬೇಸಿಗೆ ಕಳೆಯುವವರೆಗೆ ಮುಟ್ಟದಿದ್ದರೆ ಒಳ್ಳೆಯದು.